ಏನೂ ಇಲ್ಲ ಅಂತ ಬಂದಿದೆ

ರಕ್ತ ಒಂದು ಕೊಟ್ಟರೆ ಸಾಕು, ಮೈಯೊಳಗಿನದೆಲ್ಲ ಗೊತ್ತಾಗಿಬಿಡುತ್ತದೆ ಎಂದು ನಮ್ಮ ಕಡೆಯ ಜನ ನಂಬಿದ್ದಾರೆ. ಗೌರಿಬಿದನೂರು ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಲ್ಯಾಬಿನಲ್ಲಿ ನಾನು ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಮಂಡಿ ನೋವಿನವರು ಬರುತ್ತಾರೆ, ಕೆಮ್ಮಿನವರು ಬರುತ್ತಾರೆ, ಗಂಡನ ಜೊತೆ ಜಗಳವಾಡಿ ತಲೆ ಸುತ್ತಿದವರೂ ಬರುತ್ತಾರೆ. ಎಲ್ಲರೂ ತೋಳು ಚಾಚಿ, "ಒಂದ್ ಬ್ಲಡ್ ಟೆಸ್ಟ್ ಮಾಡ್ಬಿಡಿ ಮೇಡಂ, ಏನಿದ್ರೂ ಗೊತ್ತಾಗ್ಲಿ" ಅನ್ನುತ್ತಾರೆ. ಕಫ ತಂದುಕೊಡಿ ಎಂದರೆ ಮುಖ ಸಿಂಡರಿಸುತ್ತಾರೆ. ಮೂತ್ರಕ್ಕೆ ಡಬ್ಬಿ ಕೊಟ್ಟರೆ ಸೆರಗಿನಲ್ಲಿ ಮುಚ್ಚಿಕೊಂಡು ಹೋದವರು ತಿರುಗಿ ಬರುವುದೇ ಇಲ್ಲ. ರಕ್ತ ಮಾತ್ರ ಮರ್ಯಾದಸ್ಥರದು.

ಈ ಜನರನ್ನು ನಾನು ಬೇಕಾದಷ್ಟು ಆಡಿಕೊಂಡಿದ್ದೇನೆ. ಕಾಯಿಲೆ ಎಲ್ಲಿ ಕೂತಿದೆಯೋ ಅಲ್ಲಿ ಹುಡುಕಬೇಕು, ನಿಮಗೆ ಅನುಕೂಲವಾದ ಕಡೆ ಅಲ್ಲ ಎಂದು ಗದರಿದ್ದೇನೆ. ನನ್ನ ನಾಲಗೆ ಸ್ವಲ್ಪ ಹರಿತ, ಅದು ಮನೆಯಲ್ಲೂ ಎಲ್ಲರಿಗೂ ಗೊತ್ತು. ಆದ್ದರಿಂದ ಈ ಜನವರಿಯಲ್ಲಿ ನಾನು ಮಾಡಿದ್ದನ್ನು ತಿಳಿಯದೆ ಮಾಡಿದೆ ಎಂದು ಹೇಳಿಕೊಳ್ಳಲು ನನಗೆ ದಾರಿಯಿಲ್ಲ.

ನಮ್ಮ ಮನೆ ನಗರಗೆರೆಯ ಹತ್ತಿರ. ನನ್ನ ಗಂಡ ರಮೇಶ್‌ಬಾಬು ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾರೆ. ಮಾವ ವೆಂಕಟರಾಮಪ್ಪ ಹೊಲ ನೋಡಿಕೊಳ್ಳುತ್ತಾರೆ. ಅತ್ತೆ ಕದಿರಮ್ಮ ಮಿಕ್ಕಿದ್ದನ್ನೆಲ್ಲ ನೋಡಿಕೊಳ್ಳುತ್ತಿದ್ದರು, ನನ್ನನ್ನೂ ಸೇರಿಸಿ. ಅವರಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ಕೆಂಪಿ ಎಂಬ ಆರು ವರ್ಷದ ಹಸುವಿನ ಮೇಲೆ ಮಾತ್ರ ಅವರು ಯಾವ ಭಾಷೆಯಲ್ಲೂ ಸಿಟ್ಟು ಮಾಡಿದ್ದನ್ನು ನಾನು ಕಂಡಿಲ್ಲ.

ಸಂಕ್ರಾಂತಿಯ ಮಾರನೇ ದಿನ ಕೆಂಪಿ ಮೇವು ಬಿಟ್ಟಿತು. ಕಲಗಚ್ಚಿನ ಬಕೆಟ್ ಮುಂದಿಟ್ಟರೆ ಮೂತಿ ಅದ್ದುತ್ತದೆ, ಕುಡಿಯಲಾರದು. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು, ಕೂಗು ಒಡೆದುಹೋಗಿತ್ತು. ಹಬ್ಬಕ್ಕೆ ಬುಟ್ಟಿಗಟ್ಟಲೆ ಅವರೆಕಾಯಿ ಸುಲಿದಿದ್ದೆವು, ಸಿಪ್ಪೆಯನ್ನೆಲ್ಲ ಅದಕ್ಕೇ ಹಾಕಿದ್ದೆವು. ಪಕ್ಕದ ಮನೆಯ ಬಯ್ಯಪ್ಪ ಬಂದು ನೋಡಿ, "ಗಂಟಲಲ್ಲಿ ಸಿಪ್ಪೆ ಸಿಕ್ಕೊಂಡೈತೆ, ಕೈ ಹಾಕಿ ನೋಡು ವೆಂಕಟ್ರಾಮಣ್ಣ" ಅಂದ. ಹಸು ಜೊಲ್ಲು ಸುರಿಸಿದರೆ ನಮ್ಮ ಕಡೆ ಯಾರೇ ಆದರೂ ಮೊದಲು ಮಾಡುವುದು ಅದನ್ನೇ. ಬಯ್ಯಪ್ಪ ಕೊಂಬು ಹಿಡಿದ. ಮಾವ ಅಂಗಿಯ ತೋಳು ಮಡಿಸಿ ಮೊಣಕೈವರೆಗೂ ಕೈ ಒಳಗೆ ಹಾಕಿ ತಡಕಾಡಿದರು. ಏನೂ ಸಿಗಲಿಲ್ಲ. ಕೈ ಹೊರಗೆ ತೆಗೆದಾಗ ಹಲ್ಲು ತರಚಿ ಎರಡು ಕಡೆ ರಕ್ತ ಜಿನುಗಿತ್ತು.

ಮಾರನೇ ದಿನ ಸಂಜೆ ಪಶು ಡಾಕ್ಟರು ಸುಧೀಂದ್ರ ಬಂದರು. ಹಸುವನ್ನು ದೂರದಿಂದಲೇ ನೋಡಿ, "ಈಚೆಗೆ ನಾಯಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದರು. ಧನುರ್ಮಾಸ ಹಿಡಿದ ಹೊಸದರಲ್ಲಿ ಒಂದು ಕಂದು ನಾಯಿ ಕೊಟ್ಟಿಗೆಗೆ ನುಗ್ಗಿದ್ದು, ಮಾವ ಅದನ್ನು ದೊಣ್ಣೆಯಲ್ಲಿ ಓಡಿಸಿದ್ದು ಆಗ ನೆನಪಾಯಿತು. ಡಾಕ್ಟರು ಗ್ಲೌಸ್ ಹಾಕಿಕೊಂಡರು.

"ಇದು ಹುಚ್ಚುನಾಯಿ ರೋಗ ಇರಬಹುದು. ಇನ್ಮೇಲೆ ಯಾರೂ ಬಾಯಿ ಹತ್ರ ಹೋಗ್ಬೇಡಿ. ಜೊಲ್ಲು ತಾಗಿದವರೆಲ್ಲ ನಾಳೇನೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿ. ಕಾಯಿಲೆ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಅದಕ್ಕೆ ಮುಂಚೆ ತಗೊಂಡ್ರೆ ಏನೂ ಆಗಲ್ಲ."

ಮೈಗೆ ಹತ್ತುವ ಉಣ್ಣೆ ಹುಳ ಕಚ್ಚಿ ಬರುವ ಜ್ವರ ತಲೆಗೆ ಏರಿದರೂ ಹಸುಗಳು ಹೀಗೇ ಆಡುತ್ತವಂತೆ. ಅದನ್ನೂ ನೋಡಿಬಿಡೋಣ ಎಂದು ಕತ್ತಿನ ರಕ್ತನಾಳದಿಂದ ಸ್ವಲ್ಪ ರಕ್ತ ಎಳೆದು ನನ್ನ ಕೈಗೆ ಕೊಟ್ಟರು. "ಸ್ಲೈಡ್ ಮಾಡಿ ನೋಡಿ ಮೇಡಂ. ಆದ್ರೆ ರೇಬೀಸ್‌ಗೆ ಇದು ಉಪಯೋಗಕ್ಕೆ ಬರಲ್ಲ. ಆ ವೈರಸ್ಸು ರಕ್ತದಲ್ಲಿ ಓಡಾಡಲ್ಲ, ನರ ಹಿಡಕೊಂಡು ತಲೆಗೆ ಹೋಗುತ್ತೆ. ನಿಮಗೆ ಗೊತ್ತಿರೋದೇ."

ನನಗೆ ಗೊತ್ತಿತ್ತು.

ಅವರು ಹೋದ ಮೇಲೆ ನಾನು ಮನೆಯವರನ್ನೆಲ್ಲ ಪಡಸಾಲೆಯಲ್ಲಿ ನಿಲ್ಲಿಸಿ ವಿಚಾರಣೆ ಮಾಡಿದೆ. ಮಾವ ಕೈ ಹಾಕಿದ್ದರು. ಬಯ್ಯಪ್ಪನ ಅಂಗೈಗೂ ಜೊಲ್ಲು ತಾಗಿತ್ತು. ಗಂಡ ಆ ಹೊತ್ತು ಫ್ಯಾಕ್ಟರಿಯಲ್ಲಿದ್ದರು. "ಅತ್ತೆ, ನೀವು ಬಾಯಿಗೆ ಕೈ ಹಾಕಿದ್ರಾ?" ಎಂದು ಕೇಳಿದೆ.

"ನಾನ್ಯಾಕಮ್ಮ ಹಾಕ್ಲಿ? ನಿಮ್ಮ ಮಾವ ಹಾಕಿದ್ದು ಸಾಲ್ದಾ?" ಅಂದರು ಅತ್ತೆ.

ಅಷ್ಟಕ್ಕೆ ಬಿಟ್ಟೆ. ಮಾರನೇ ದಿನ ಬೆಳಿಗ್ಗೆ ಮಾವನಿಗೂ ಬಯ್ಯಪ್ಪನಿಗೂ ಗೌರಿಬಿದನೂರು ಆಸ್ಪತ್ರೆಯಲ್ಲಿ ಮೊದಲ ಇಂಜೆಕ್ಷನ್ ಆಯಿತು. ಮಾವನ ಗಾಯದ ಸುತ್ತ ಸೀರಂ ಎಂಬ ಮದ್ದನ್ನೂ ಚುಚ್ಚಿದರು. ಒಟ್ಟು ನಾಲ್ಕು ಸಲ ಬರಬೇಕು ಎಂದು ಕಾರ್ಡಿನಲ್ಲಿ ದಿನಾಂಕ ಬರೆದುಕೊಟ್ಟರು. ಇವತ್ತು, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ.

ನಾವು ಮನೆ ಸೇರುವಷ್ಟರಲ್ಲಿ ಕೆಂಪಿ ಸತ್ತಿತ್ತು. ಸುಧೀಂದ್ರ ಡಾಕ್ಟರು ಬಂದು, ಮಿದುಳಿನ ಚೂರು ಸಿಕ್ಕರೆ ಬೆಂಗಳೂರಿಗೆ ಕಳಿಸಿ ಖಚಿತ ಮಾಡಿಕೊಳ್ಳಬಹುದು ಎಂದರು. ಅತ್ತೆ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

"ವದ್ದು! ನನ್ನ ಮಗಳ ತಲೆ ಕಡಿಯೋಕೆ ಬಿಡಲ್ಲ."

"ಕಡಿಯೋದು ಬೇಡಮ್ಮ. ಕತ್ತಿನ ಹಿಂದೆ ಸಣ್ಣ ದಾರಿ ಇರುತ್ತೆ, ಒಂದು ಕೊಳವೆ ತೂರಿಸಿ ಚೂರು ತೆಗೀತೀನಿ. ಹೊರಗೆ ಗೊತ್ತೂ ಆಗಲ್ಲ."

"ವದ್ದಂಟೆ ವದ್ದು. ರಕ್ತ ತಗೊಂಡ್ರಲ್ಲ, ಅದ್ರಲ್ಲೇ ನೋಡ್ಕೊಳ್ಳಿ. ನನ್ನ ಸೊಸೆ ದಿನಾ ಅದನ್ನೇ ನೋಡೋದು."

ಡಾಕ್ಟರು ನನ್ನ ಮುಖ ನೋಡಿದರು. ನಾನು ಅತ್ತೆಗೆ ತಿಳಿಸಿ ಹೇಳಬಹುದಿತ್ತು. ಲ್ಯಾಬಿನಲ್ಲಾದರೆ ಹೇಳುತ್ತಿದ್ದೆ. ಬಯ್ಯಪ್ಪ ಜೆಸಿಬಿ ಕರೆಸಿದ, ಹೊಲದ ಬದುವಿನಲ್ಲಿ ಆಳದ ಗುಂಡಿ ತೋಡಿ, ಉಪ್ಪು ಸುರಿದು ಮುಚ್ಚಿದರು. ಅತ್ತೆ ದೂರದಿಂದಲೇ ಅರಿಶಿನ ಕುಂಕುಮ ಎರಚಿದರು. ಪರವಾಗಿಲ್ಲ, ಎಷ್ಟು ಹುಷಾರಾಗಿದ್ದಾರೆ ಎಂದುಕೊಂಡೆ.

ಅವತ್ತು ಅತ್ತೆ ಊಟ ಮಾಡಲಿಲ್ಲ. ಮಾರನೇ ದಿನವೂ ಮಾಡಲಿಲ್ಲ.

ಮಧ್ಯಾಹ್ನ ಲ್ಯಾಬಿನಲ್ಲಿ ಎಲ್ಲರೂ ಊಟಕ್ಕೆ ಹೋದಾಗ ನಾನು ಕೆಂಪಿಯ ಸ್ಲೈಡ್ ನೋಡಿದೆ. ಉಣ್ಣೆ ಜ್ವರದ ರೋಗಾಣು ಒಂದೂ ಇರಲಿಲ್ಲ. ಹಾಗೆಂದರೆ ಡಾಕ್ಟರ ಅನುಮಾನ ಇನ್ನಷ್ಟು ಗಟ್ಟಿಯಾಯಿತು ಎಂದು ಅರ್ಥ. ಒಂದು ಸಾಲಿನ ಫಲಿತಾಂಶಕ್ಕೆ ಡಾಕ್ಟರಿಗೆ ಒಂದು ಫೋನ್ ಸಾಕಿತ್ತು. ಆದರೆ ಅತ್ತೆ ಬೆಳಿಗ್ಗೆ ನಾನು ಹೊರಡುವಾಗ, "ಕಾಗದ ತಗೊಂಡ್ ಬಾ" ಅಂದಿದ್ದರು. ಕಂಪ್ಯೂಟರು ಹೆಸರು, ವಯಸ್ಸು, ಲಿಂಗ ಕೇಳಿತು. ಕೆಂಪಿ, ಆರು, ಹೆಣ್ಣು ಎಂದು ತುಂಬಿಸಿದೆ. ಕೆಳಗೆ ದಪ್ಪ ಅಕ್ಷರದಲ್ಲಿ ನೆಗೆಟಿವ್ ಎಂದು ಬಂತು. ಸೀಲು ಹಾಕಿ ಸಹಿ ಮಾಡಿದೆ.

ಸಂಜೆ ಅತ್ತೆ ಖಾಲಿ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದರು. ಮುಖ ಬತ್ತಿತ್ತು. "ಏನ್ ಬಂತಮ್ಮ?" ಎಂದು ಕೇಳಿದರು.

"ಏನೂ ಇಲ್ಲ ಅಂತ ಬಂದಿದೆ ಅತ್ತೆ," ಅಂದೆ.

ಅದು ಸುಳ್ಳಲ್ಲ. ಅತ್ತೆ ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಮ್ಮ ಲ್ಯಾಬಿನ ಸೀಲು ಮುಟ್ಟಿ ನೋಡಿದರು. ಆಮೇಲೆ ಎದ್ದು ದೇವರ ಗೂಡಿನ ಫೋಟೋ ಹಿಂದೆ ಸಿಕ್ಕಿಸಿ, ಕಾಲು ತೊಳೆದುಕೊಂಡು ಬಂದು, "ಮುದ್ದೆ ಹಾಕು" ಅಂದರು. ಎರಡು ಮುದ್ದೆ ತಿಂದರು. ಬಲಗೈ ಹೆಬ್ಬೆರಳಿಗೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿದ್ದರು. ಏನಾಯಿತು ಎಂದು ಕೇಳಿದೆ. ಹಬ್ಬದ ದಿನ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿತು ಅಂದರು. ನಾನು ಇನ್ನೊಂದು ಸೌಟು ಸಾರು ಬಿಟ್ಟೆ. ಅವರು ಉಣ್ಣುತ್ತಿದ್ದಾರಲ್ಲ ಎಂದು ನನಗೆ ನಿಜವಾಗಿ ಸಂತೋಷವಾಗಿತ್ತು.

ತೊಂದರೆ ಶುರುವಾದದ್ದು ಮಾವನಿಂದ. ಮೂರನೇ ದಿನದ ಇಂಜೆಕ್ಷನ್‌ಗೆ ಹೊರಡಿ ಎಂದರೆ, "ಏನೂ ಇಲ್ಲ ಅಂತ ಬಂದೈತಲ್ಲ" ಎಂದು ಟವೆಲ್ ಹೊದ್ದು ಕೂತರು. ಅವರನ್ನು ಹೊಲದ ಬದುವಿಗೆ ಕರೆದುಕೊಂಡು ಹೋಗಿ ಹೇಳಿದೆ. ಅದು ಉಣ್ಣೆ ಜ್ವರದ ಕಾಗದ, ಹುಚ್ಚುನಾಯಿ ರೋಗದ ಕಾಗದ ಅಲ್ಲ. ಆ ರೋಗವನ್ನು ರಕ್ತದಲ್ಲಿ ಹುಡುಕಿದರೆ ಸಿಗುವುದಿಲ್ಲ.

"ಮತ್ತೆ ನಿಮ್ಮತ್ತೆಗೆ ಯಾಕೆ ಹಂಗಂದೆ?"

"ಅವ್ರು ಊಟ ಬಿಟ್ಟಿದ್ರಲ್ಲ ಮಾವ. ಈಗ ಹೇಳಿದ್ರೆ ಮತ್ತೆ ಬಿಡ್ತಾರೆ. ನೀವೂ ಹೇಳ್ಬೇಡಿ. ಅವ್ರೇನೂ ಬಾಯಿಗೆ ಕೈ ಹಾಕಿಲ್ವಲ್ಲ."

ಮಾವ ಹೊಸ ಮಣ್ಣಿನ ಗುಡ್ಡೆಯನ್ನು ಒಂದು ಸಲ ನೋಡಿ, ಮನೆಗೆ ಹೋಗಿ ಅಂಗಿ ಹಾಕಿಕೊಂಡು ಬಂದರು.

ಏಳನೇ ದಿನ ಹೇಳದೆ ಕೇಳದೆ ಟೊಮೆಟೊ ಗಾಡಿ ಹತ್ತಿ ಚಿಂತಾಮಣಿ ಮಾರ್ಕೆಟ್‌ಗೆ ಹೋಗಿಬಿಟ್ಟರು. ಚಿಂತಾಮಣಿ ನನ್ನ ತವರು. ನಾನು ಲ್ಯಾಬಿಗೆ ರಜಾ ಹಾಕಿ ಬಸ್ಸು ಹತ್ತಿ ಹೋಗಿ, ಕ್ರೇಟುಗಳ ಮಧ್ಯೆ ಚಹಾ ಕುಡಿಯುತ್ತಿದ್ದವರನ್ನು ಹಿಡಿದು, ಅಲ್ಲಿಯ ಆಸ್ಪತ್ರೆಯಲ್ಲೇ ಕಾರ್ಡು ತೋರಿಸಿ ಚುಚ್ಚಿಸಿದೆ. ಮಂಡಿಯವರೆಲ್ಲ ನಗುತ್ತಿದ್ದರು. "ಸೊಸೆ ಅಂದ್ರೆ ಹಿಂಗಿರ್ಬೇಕು ಬಿಡಪ್ಪ" ಎಂದು ಮಾವ ಅವರ ಮುಂದೆ ಜಂಬ ಕೊಚ್ಚಿಕೊಂಡರು. ಮನೆಯಲ್ಲಿ ಅತ್ತೆ, "ಏನೂ ಇಲ್ದಿದ್ರೂ ಸೂಜಿ ಚುಚ್ಚಿಸ್ಕೊಳ್ಳೋ ಗಂಡಸನ್ನ ನಾನು ಇವತ್ತೇ ಕಂಡಿದ್ದು" ಎಂದು ಮೂದಲಿಸಿದರು.

ಫೆಬ್ರವರಿ ಹದಿನಾಲ್ಕಕ್ಕೆ ನಾಲ್ಕನೇದೂ ಮುಗಿಯಿತು. ಬಯ್ಯಪ್ಪನದೂ ಮುಗಿಯಿತು. ಮಾವನನ್ನು ಉಳಿಸಿಕೊಂಡೆ ಎಂದು ಬೀಗುತ್ತಾ ಅರ್ಧ ಕೇಜಿ ಮೈಸೂರು ಪಾಕು ತಂದೆ. ಅತ್ತೆ ಎರಡು ತುಂಡು ತಿಂದು ಕಾಫಿ ಕುಡಿದರು.

ಶಿವರಾತ್ರಿಗೆ ಎರಡು ದಿನ ಮೊದಲು ಅತ್ತೆ ಬಲಗೈ ಉಜ್ಜಿಕೊಳ್ಳುತ್ತಿದ್ದರು. ಹೆಬ್ಬೆರಳಿಂದ ಮೊಣಕೈವರೆಗೆ ಇರುವೆ ಹರಿದಂತೆ ಆಗುತ್ತಿದೆ ಅಂದರು. ನಾನೇನು ಮಾಡಿದೆ ಎಂದರೆ, ಅವರ ತೋಳಿಗೆ ರಬ್ಬರ್ ಕಟ್ಟಿ ರಕ್ತ ತೆಗೆದುಕೊಂಡೆ. ಬಿ-12 ಕಡಿಮೆ ಎಂದು ಬಂತು. ಮಾತ್ರೆ ತಂದುಕೊಟ್ಟೆ.

ಶಿವರಾತ್ರಿಯ ದಿನ ಅವರು ಪ್ರತಿವರ್ಷ ಹಣ್ಣು, ಹಾಲಿನ ಮೇಲೆ ಇರುವವರು. ಈ ಸಲ ಕೆಂಪಿಯ ಹೆಸರಿನಲ್ಲಿ ನೀರನ್ನೂ ಮುಟ್ಟುವುದಿಲ್ಲ ಎಂದರು. ಮೈ ಬೆಚ್ಚಗಿತ್ತು, ಮಂಕಾಗಿದ್ದರು. ಉಪವಾಸವಲ್ಲವೇ ಎಂದುಕೊಂಡೆವು. ಇಡೀ ದಿನ ಒಂದು ಹನಿ ಕುಡಿಯದ ಹೆಂಗಸನ್ನು ನೋಡಿ ಬೀದಿಯವರೆಲ್ಲ ಕೈ ಮುಗಿದರು.

ಮಾರನೇ ದಿನ ಬೆಳಿಗ್ಗೆ ಸ್ನಾನ ಮಾಡಿ ಬಂದು ಉಪವಾಸ ಬಿಡಲು ಕೂತರು. ನಾನು ನೀರಿನ ಲೋಟ ಕೊಟ್ಟೆ. ಲೋಟ ತುಟಿಯ ಹತ್ತಿರ ಬಂದ ಕೂಡಲೇ ಅವರ ಗಂಟಲು ಎಗರಿತು. ಕೈ ನಡುಗಿ ಲೋಟ ಬಿತ್ತು. ಇನ್ನೊಂದು ಲೋಟ ಕೊಟ್ಟೆ. ಅದನ್ನು ನೋಡಿಯೇ ಮುಖ ತಿರುಗಿಸಿ, "ಫ್ಯಾನ್ ಆರಿಸಮ್ಮ, ಗಾಳಿ ತಡೆಯೋಕಾಗ್ತಿಲ್ಲ" ಅಂದರು.

ನಾನು ಫ್ಯಾನ್ ಆರಿಸಿದೆ. ಅವರ ಪಕ್ಕ ಕೂತು ಬಲಗೈ ತೆಗೆದುಕೊಂಡು ನೋಡಿದೆ. ಹೆಬ್ಬೆರಳ ಮೇಲೆ ಮಾಯ್ದ ಗಾಯದ ಗೆರೆ ಇತ್ತು.

"ಅತ್ತೆ, ಕೆಂಪಿಗೆ ಏನಾದ್ರೂ ಕುಡಿಸಿದ್ರಾ?"

ಅವರು ಮಾವನನ್ನು ನೋಡಿದರು, ನನ್ನನ್ನು ನೋಡಿದರು. ತಪ್ಪು ಮಾಡಿ ಸಿಕ್ಕಿಬಿದ್ದ ಮುಖ.

"ನಿಮ್ಮ ಮಾವ ಕೈ ಹಾಕೋಕೆ ಮುಂಚೆ, ಬೆಳಿಗ್ಗೇನೇ. ಗೊಟ್ಟದಲ್ಲಿ ಒಂದಿಷ್ಟು ಕಷಾಯ ಹಾಕ್ದೆ. ಒಳಗೇ ಹೋಗ್ಲಿಲ್ಲ, ಎಲ್ಲ ಜೊಲ್ಲಿನ ಜೊತೆ ಕೈ ಮೇಲೇ ಸುರೀತು."

ಗೊಟ್ಟ ಎಂದರೆ ದನಕ್ಕೆ ಔಷಧಿ ಕುಡಿಸುವ ಬಿದಿರಿನ ಕೊಳವೆ. ಹೋದ ವರ್ಷ ಅತ್ತೆ ಹಾಗೆ ಕುಡಿಸಿದ ಕಷಾಯ ಒಂದು ಕರುವಿನ ಶ್ವಾಸಕೋಶಕ್ಕೆ ಹೋಗಿ ಅದು ಸತ್ತಿತ್ತು. ಆಗ ನಾನು ಬಯ್ಯಪ್ಪನ ಮನೆಯವರ ಎದುರೇ, ಇನ್ನೊಂದು ಸಲ ಆ ಗೊಟ್ಟ ಮುಟ್ಟಿದರೆ ಒಲೆಗೆ ಹಾಕುತ್ತೇನೆ ಎಂದು ಕೂಗಾಡಿದ್ದೆ.

"ನಾನು ಅವತ್ತೇ ಕೇಳಿದ್ನಲ್ಲ ಅತ್ತೆ."

"ಬಾಯಿಗೆ ಕೈ ಹಾಕಿದ್ರಾ ಅಂದೆ. ಹಾಕಿರ್ಲಿಲ್ಲ. ಗೊಟ್ಟ ಅಂದ್ರೆ ಬೈತೀಯಾಂತ ಸುಮ್ಮನಾದೆ." ಆಮೇಲೆ ಸಮಾಧಾನ ಮಾಡುವವರ ಹಾಗೆ, "ಹೇಳೋಣ ಅಂತಿದ್ದೆ ಕಣಮ್ಮ. ಅಷ್ಟರಲ್ಲಿ ನೀನೇ ಕಾಗದ ತಂದ್ಯಲ್ಲ, ಏನೂ ಇಲ್ಲಾಂತ" ಅಂದರು.

ನನಗೆ ಅಳು ಬರಲಿಲ್ಲ. ಗಂಡನಿಗೆ ಫೋನ್ ಮಾಡಿದೆ, ಕಾರು ಹೇಳಿದೆ, ಅತ್ತೆಯ ಎರಡು ಸೀರೆ ಬ್ಯಾಗಿಗೆ ಹಾಕಿದೆ. ನೀರಿನ ಬಾಟಲಿ ಹಾಕಿ, ಮತ್ತೆ ತೆಗೆದಿಟ್ಟೆ.

ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಅರ್ಧ ಗಂಟೆಯೂ ಇಟ್ಟುಕೊಳ್ಳದೆ ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಕಿಟಕಿಗೆ ಪರದೆ ಎಳೆದ ಒಂದು ಕೋಣೆಯಲ್ಲಿ ಮಲಗಿಸಿದರು. ಎಂಜಲು ತೆಗೆದುಕೊಂಡರು. ಕತ್ತಿನ ಹಿಂದೆ, ಕೂದಲು ಶುರುವಾಗುವ ಕಡೆ ಕಡಲೆಕಾಳಿನಷ್ಟು ಚರ್ಮ ತೆಗೆಯಲು ಒಪ್ಪಿಗೆ ಕೇಳಿದರು. ಮಾವ ನನ್ನ ಕಡೆ ತಿರುಗಿ, "ಏನ್ ಮಾಡಣ ಪದ್ಮಮ್ಮ?" ಅಂದರು. ಕೊಡಿ ಮಾವ ಅಂದೆ. ಅವರು ಹೆಬ್ಬೆಟ್ಟು ಒತ್ತುವಾಗ ತೋಳಿನ ಮೇಲೆ ಇಂಜೆಕ್ಷನ್ ಹಾಕಿದ ಕಡೆಯೇ ಕೈಯಾಡಿಸಿಕೊಳ್ಳುತ್ತಿದ್ದರು.

ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರು ನನ್ನ ಕೆಲಸ ಏನೆಂದು ತಿಳಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದರು. "ಎಂಜಲಿನಲ್ಲಿ ವೈರಸ್ಸು ಒಂದು ಹೊತ್ತು ಇರುತ್ತೆ, ಒಂದು ಹೊತ್ತು ಇರಲ್ಲ. ಅದರಲ್ಲಿ ಬರಲಿಲ್ಲ ಅಂದ್ರೆ ಇಲ್ಲ ಅಂತ ಅರ್ಥ ಅಲ್ಲ. ನಿಮ್ಮ ಮನೆಯವರಿಗೆ ನೀವೇ ತಿಳಿಸಿ ಹೇಳ್ಬೇಕು" ಅಂದರು. ಆರೈಕೆ ಮಾಡಿದ್ದಕ್ಕೆ ನನಗೂ ಗಂಡನಿಗೂ ಇಂಜೆಕ್ಷನ್ ಬರೆದುಕೊಟ್ಟರು. ಹೋಗಿ ಎರಡೂ ತೋಳಿಗೆ ಹಾಕಿಸಿಕೊಂಡು ಬಂದೆ.

ಮಾರನೇ ದಿನ ಎಂಜಲಿನ ಫಲಿತಾಂಶ ಬಂತು. ಗಂಡ ಕಾರಿಡಾರಿನ ಆ ತುದಿಯಿಂದ ಓಡುತ್ತಾ ಬಂದರು. ನಲವತ್ತು ವರ್ಷದ ಗಂಡಸು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ.

"ನೆಗೆಟಿವ್ ಕಣೇ! ಅಮ್ಮಂಗೆ ನೆಗೆಟಿವ್!"

ನನ್ನ ಭುಜ ಹಿಡಿದು ಅಲುಗಾಡಿಸಿದರು. ಮಾವ ಗೋಡೆಗೆ ಒರಗಿ ಕೂತು ಬಿಕ್ಕಿಬಿಕ್ಕಿ ಅತ್ತರು. ಶಿಡ್ಲಘಟ್ಟದಲ್ಲಿರುವ ನಾದಿನಿಗೆ ಫೋನ್ ಹೋಯಿತು, ಬಯ್ಯಪ್ಪನಿಗೆ ಹೋಯಿತು. ಎಲ್ಲರೂ ಕೊನೆಗೆ ನನ್ನ ಬಾಯಿಯಿಂದ ಕೇಳಬೇಕೆಂದು ಕಾಯುತ್ತಿದ್ದರು. ಬರಲಿಲ್ಲ ಅಂದರೆ ಇಲ್ಲ ಅಂತಲ್ಲ ಎಂಬುದು ನಾನು ಲ್ಯಾಬಿನಲ್ಲಿ ದಿನಕ್ಕೆ ಹತ್ತು ಸಲ ಹೇಳುವ ಮಾತು. ಇಲ್ಲಿ ಹೇಳಲಿಲ್ಲ. ಹೇಳದಿದ್ದುದರಿಂದ ಈಗ ಯಾರ ಇಂಜೆಕ್ಷನ್ನೂ ತಪ್ಪಿಹೋಗುವುದಿರಲಿಲ್ಲ. ಚರ್ಮದ ಫಲಿತಾಂಶ ಬಂದದ್ದು ಅತ್ತೆಯ ತಿಥಿಯ ಸಾಮಾನು ತರುವ ದಿನ. ಅದರಲ್ಲಿ ವೈರಸ್ಸು ಇತ್ತು.

ಎಂಜಲಿನ ಫಲಿತಾಂಶ ಬಂದ ದಿನ ಮಧ್ಯಾಹ್ನ ಸ್ವಲ್ಪ ಹೊತ್ತು ಅತ್ತೆಗೆ ಪೂರಾ ಎಚ್ಚರವಿತ್ತು. ನನ್ನೊಬ್ಬಳನ್ನೇ ಒಳಗೆ ಬಿಟ್ಟರು. ಗ್ಲೌಸ್, ಮಾಸ್ಕ್ ಹಾಕಿಕೊಂಡು ಹೋದೆ. ತುಟಿ ಒಡೆದಿತ್ತು, ಕೆನ್ನೆಯ ಮೇಲೆ ಜೊಲ್ಲು ಇಳಿದಿತ್ತು. ಒರೆಸಿದೆ. ಹೊರಗಿನ ಗದ್ದಲ ಅವರಿಗೂ ಕೇಳಿಸಿರಬೇಕು.

"ಏನ್ ಬಂತಮ್ಮ?" ಅಂದರು.

"ಏನೂ ಇಲ್ಲ ಅಂತ ಬಂದಿದೆ ಅತ್ತೆ," ಅಂದೆ.

ಅವರು ನನ್ನನ್ನೇ ನೋಡಿದರು. ಮುಖ ಸಡಿಲವಾಯಿತು. ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತಿದ್ದ ಅವತ್ತಿನ ಹಾಗೆಯೇ ನನ್ನನ್ನು ನಂಬಿದರು.

"ಹಂಗಾದ್ರೆ ಮುದ್ದೆ ಹಾಕು," ಅಂದರು.

ತರುತ್ತೇನೆ ಎಂದು ಹೇಳಿ ಹೊರಗೆ ಬಂದು ಬೆಂಚಿನ ಮೇಲೆ ಕೂತೆ. ಇಂಜೆಕ್ಷನ್ ಹಾಕಿದ ಎರಡೂ ತೋಳು ನೋಯುತ್ತಿದ್ದವು. ಬೇರೆ ಎಲ್ಲೂ ಏನೂ ನೋಯುತ್ತಿರಲಿಲ್ಲ.